ನಿಮ್ಮ ಅಜ್ಜಿಯ ತಾಯಿಯ ಹೆಸರೇನು?

ಈ ಪುಟ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಒಂದು ಕಾಗದ ತೆಗೆದುಕೊಂಡು ನಿಮ್ಮ ತಂದೆ, ಅವರ ತಂದೆ, ಅವರ ತಂದೆ ಹೀಗೆ ಮೂರು ಹೆಸರು ಬರೆಯಿರಿ. ಹೆಚ್ಚಿನವರಿಗೆ ಇದು ಕಷ್ಟವಾಗದು. ಈಗ ಅದರ ಪಕ್ಕದಲ್ಲಿ ನಿಮ್ಮ ಅಜ್ಜಿಯ ಹೆಸರು ಬರೆದು, ಅದರ ಮೇಲೆ ಅಜ್ಜಿಯ ತಾಯಿಯ ಹೆಸರು ಬರೆಯಿರಿ. ಪೆನ್ನು ನಿಂತಿತೇ? ನನ್ನದೂ ನಿಂತಿತ್ತು.

ನಾನು ಪಾಠ ಮಾಡುವುದು ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪಿನಲ್ಲಿ. ದೂರದ ಓದುಗರಿಗೆ ಈ ಹೆಸರು ವಿಚಿತ್ರವೆನಿಸಬಹುದು. ಆರ್.ಎಚ್. ಎಂಬುದು ರಿಹ್ಯಾಬಿಲಿಟೇಶನ್, ಅಂದರೆ ಪುನರ್ವಸತಿ ಎಂಬ ಪದದ ಮೊಟಕು ರೂಪ. ಆಗಿನ ಪೂರ್ವ ಪಾಕಿಸ್ತಾನದಿಂದ, ಈಗಿನ ಬಾಂಗ್ಲಾದೇಶದಿಂದ, ಮನೆಮಾರು ಬಿಟ್ಟು ಬಂದ ಬಂಗಾಳಿ ಹಿಂದೂ ಕುಟುಂಬಗಳಿಗೆ ಸರಕಾರ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಜಮೀನು ಕೊಟ್ಟು ಕೂರಿಸಿದ ಊರುಗಳಿವು. ಐವತ್ತು ವರ್ಷಗಳ ಮೇಲಾಯಿತು. ಇಂದಿಗೂ ಮನೆಯಲ್ಲಿ ಬಂಗಾಳಿ, ಬೀದಿಯಲ್ಲಿ ಕನ್ನಡ. ಮನೆಯ ಮುಂದೆ ಮೀನಿನ ಹೊಂಡ, ಹಿಂದೆ ಭತ್ತದ ಗದ್ದೆ.

ಕಳೆದ ವರ್ಷ ದಸರಾ ರಜೆಗೆ ಮುಂಚೆ ಏಳನೆಯ ತರಗತಿಯ ಮಕ್ಕಳಿಗೆ ವಂಶವೃಕ್ಷ ಬರೆದು ತರಲು ಹೇಳಿದ್ದೆ. ಒಬ್ಬ ಹುಡುಗಿ ತಂದ ಹಾಳೆಯಲ್ಲಿ ಐದು ತಲೆಮಾರುಗಳಿದ್ದವು! ಗಂಡಸರ ಹೆಸರು ಮಾತ್ರವಲ್ಲ, ಹೆಂಗಸರದ್ದೂ ಇತ್ತು, ಅವರು ಹುಟ್ಟಿದ ಊರಿನ ಹೆಸರೂ ಇತ್ತು. ಎಲ್ಲವೂ ಖುಲ್ನಾ ಕಡೆಯ ಹಳ್ಳಿಗಳು. ಅಜ್ಜಿ ಹೇಳಿ ಬರೆಸಿದ್ದಂತೆ. ಅದೇ ರಾತ್ರಿ ಎಂಟನೆಯ ತರಗತಿಯಲ್ಲಿರುವ ನನ್ನ ಮಗಳಿಗೂ ಉತ್ಸಾಹ ಬಂತು. ಒಂದು ದೊಡ್ಡ ಹಾಳೆ ಹರಡಿಕೊಂಡು ಕೂತಳು. ನನ್ನ ಅಬ್ಬಾನ ಕಡೆಯ ಗಂಡಸರ ಹೆಸರು ಸಲೀಸಾಗಿ ಬಂದವು. ನನ್ನ ದಾದಿಯ ಹೆಸರೂ ಬಂತು. "ದಾದಿಯ ಅಮ್ಮ?" ಎಂದಳು. ನಾನು ಸುಮ್ಮನಾದೆ. ಅಬ್ಬಾಗೆ ಫೋನ್ ಮಾಡಿದರೆ ಅವರೂ ಸುಮ್ಮನಾದರು. ಮಗಳು ಆ ಚೌಕದಲ್ಲಿ ಪೆನ್ಸಿಲಿನಿಂದ "ಗೊತ್ತಿಲ್ಲ" ಎಂದು ಬರೆದಳು. ಮದ್ರಸಾದಲ್ಲಿ ಹದೀಸಿನ ವರದಿಗಾರರ ಸರಪಣಿಯನ್ನು ಕಂಠಪಾಠ ಮಾಡಿ ಬಹುಮಾನ ಪಡೆದವಳು ನಾನು. ನನ್ನ ಸ್ವಂತ ಸರಪಣಿ ನಾಲ್ಕನೆಯ ಕೊಂಡಿಯಲ್ಲೇ ಕಡಿದಿತ್ತು.

2019ರ ಕೊನೆಯ ಆ ತಿಂಗಳುಗಳು ನಿಮಗೆ ನೆನಪಿರಬಹುದು. ನಮ್ಮ ಮನೆಗಳಲ್ಲೆಲ್ಲ ಅಟ್ಟದ ಮೇಲಿನ ಟ್ರಂಕುಗಳು ಕೆಳಗಿಳಿದಿದ್ದವು. ಹಳೆಯ ಪಹಣಿ, ಶಾಲೆಯ ಸರ್ಟಿಫಿಕೇಟು, ಪಟ್ಟಾ ಪುಸ್ತಕ ಎಲ್ಲವನ್ನೂ ಬಿಸಿಲಿಗೆ ಹಾಕಿ ಒಣಗಿಸಿದೆವು. ಹುಡುಕಿದ್ದೆಲ್ಲ ಅಜ್ಜಂದಿರ ಕಾಗದಗಳನ್ನೇ. ಅಜ್ಜಿಯಂದಿರ ಹೆಸರಿನಲ್ಲಿ ಟ್ರಂಕಿನಲ್ಲಿ ಇದ್ದದ್ದಾದರೂ ಏನು? ಒಂದು ಜರಿಯ ದುಪಟ್ಟಾ, ಅಷ್ಟೆ. ಕ್ಯಾಂಪಿನ ಮನೆಗಳಲ್ಲೂ ಆಗ ಪೆಟ್ಟಿಗೆಗಳು ತೆರೆದಿದ್ದವು. ಅವರ ಕಾರಣ ಬೇರೆ, ಹುಡುಕಾಟ ಒಂದೇ.

ರಜೆಯಲ್ಲಿ ದಾದಿಯ ತಾಯಿಯ ಕಬರ್ ಹುಡುಕಲು ಹೋಗುತ್ತೇವೆಂದು ಆ ಹುಡುಗಿಯ ಅಜ್ಜಿಗೆ ಹೇಳಿದೆ. ಆಕೆ ಬಾಲಕಿಯಾಗಿ ರಾಯಪುರದ ಬಳಿಯ ಮಾನಾ ಶಿಬಿರದಲ್ಲಿ ಇದ್ದವರು. ತಾಯಿ ತೀರಿಕೊಂಡದ್ದೂ ಅಲ್ಲೇ. ಸುಟ್ಟ ಜಾಗ ಯಾವುದೆಂದು ಕೇಳಿದರೆ ಕೈಯನ್ನು ಗಾಳಿಯಲ್ಲಿ ಹೀಗೆ ಆಡಿಸಿದರು. ಆಮೇಲೆ, "ನಿಮ್ಮಜ್ಜಿ ಇರೋ ಊರಿಗೆ ಬಸ್ಸೈತಲ್ರೀ ಟೀಚರ್, ಹೋಗಿ ಬರ್ರಿ" ಎಂದರು.

ಹೌದು, ಬಸ್ಸಿತ್ತು. ನಾವು ನಾಲ್ವರೂ ಬಸ್ಸಿನಲ್ಲೇ ಹೊರಟೆವು.

ದಾರಿಯಲ್ಲಿ ಮಸ್ಕಿ. ಮಕ್ಕಳಿಗೆ ಅಶೋಕನ ಶಾಸನ ತೋರಿಸಲೆಂದು ಇಳಿದೆವು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರರು ಕಂಡ ಬಂಡೆ ಅದು. ಅದುವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಕಲ್ಲಿನಲ್ಲಿ ಅಶೋಕ ಎಂಬ ಹೆಸರೇ ಸಿಕ್ಕಿತು. ಆ ಬಿರುದುಗಳೆಲ್ಲ ಯಾರದೆಂಬುದು ಖಚಿತವಾಯಿತು. ಅದೇ ಊರಿನಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಅವರು ಅಗೆದಾಗ ಕಬ್ಬಿಣದ ಕಾಲದ ಜನರ ಸಮಾಧಿಗಳೂ ಹೊರಬಂದವು. ಅವರ ಮಡಕೆಗಳಿವೆ, ಎಲುಬುಗಳಿವೆ, ಹೆಸರಿಲ್ಲ. ಮಗ ಕೇಳಿದ, "ಅವರಿಗೆ ಹೆಸರು ಇಟ್ಟಿರಲಿಲ್ಲವಾ ಅಮ್ಮಿ?" ಇಟ್ಟಿದ್ದರು ಮಗನೇ, ಎಂದೆ. ಬಂಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಮುಂದಿನ ಬಸ್ಸು ಹಿಡಿದೆವು.

ಲಿಂಗಸುಗೂರನ್ನು ನಮ್ಮ ಮನೆಯ ಹಳಬರು ಕರೆಯುತ್ತಿದ್ದುದೇ ಛಾವಣಿ ಎಂದು. ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆ ಹಿಂದೊಮ್ಮೆ ಅಲ್ಲಿ ನೆಲೆಸಿತ್ತು. ನಿಜಾಮರ ಕಾಲದಲ್ಲಿ, 1905ರವರೆಗೆ, ಅದು ಜಿಲ್ಲಾ ಕೇಂದ್ರವೂ ಆಗಿತ್ತು. ದಾದಿಯ ತಂದೆಯ ಮನೆತನ ಆ ಛಾವಣಿಯ ಚಾಕರಿಗೆಂದೇ ಅಲ್ಲಿಗೆ ಬಂದದ್ದು. ನನ್ನ ಫೂಫಿ, ಅಂದರೆ ದಾದಿಯ ಕೊನೆಯ ಮಗಳು, ಈಗಲೂ ಅಲ್ಲೇ ಇದ್ದಾರೆ. ವಯಸ್ಸು ಎಂಬತ್ತರ ಆಸುಪಾಸು. ಮಂಡಿನೋವು ಬಿಟ್ಟರೆ ಎಲ್ಲವೂ ಚೆನ್ನಾಗಿದೆ, ಅಲ್‌ಹಮ್ದುಲಿಲ್ಲಾಹ್.

ಸಂಜೆ ಕಬರಸ್ತಾನಕ್ಕೆ ಹೋದೆವು. ನಮ್ಮ ಕಡೆ ಹೆಂಗಸರು ಗೋಡೆಯ ಹೊರಗೆ ನಿಲ್ಲುವುದು ರೂಢಿ. ನಾನೂ ನಿಂತೆ. ಪತಿ ಮತ್ತು ಮಗ ಒಳಗೆ ಹೋದರು. ಇಲ್ಲೊಂದು ಫಜೀತಿ ಶುರುವಾಯಿತು. ನನ್ನ ಪತಿ ಕನ್ನಡ ಮಾಧ್ಯಮದಲ್ಲಿ ಓದಿದವರು, ಬೀಜ-ಗೊಬ್ಬರದ ಅಂಗಡಿ ನಡೆಸುತ್ತಾರೆ. ಉರ್ದು ಮಾತಾಡುತ್ತಾರೆಯೇ ಹೊರತು ಓದಲು ಬಾರದು. ಓದಲು ಬರುವ ನಾನು ಹೊರಗೆ, ಓದಲು ಬಾರದ ಅವರು ಒಳಗೆ! ಅವರು ಕಲ್ಲುಗಳ ಫೋಟೋ ತೆಗೆದು ನನ್ನ ಮೊಬೈಲಿಗೆ ಕಳಿಸುವುದು, ನಾನು ಗೋಡೆಯ ಮೇಲಿಂದ "ಇನ್ನೂ ಸ್ವಲ್ಪ ಎಡಕ್ಕೆ, ಕೆಳಗಿನ ಸಾಲು ಕಾಣುತ್ತಿಲ್ಲ" ಎಂದು ಕೂಗುವುದು. ದಾರಿಹೋಕರು ನಿಂತು ನೋಡತೊಡಗಿದರು.

ನೀವೂ ಹೀಗೆ ಹುಡುಕಲು ಹೊರಟರೆ ಉಪಯೋಗವಾಗುವ ಕೆಲವು ವಿಷಯ ಹೇಳುತ್ತೇನೆ. ನಮ್ಮ ಹಳೆಯ ಕಲ್ಲುಗಳ ಮೇಲೆ ವರ್ಷಕ್ಕೊಮ್ಮೆ ಸುಣ್ಣ ಬಳಿದು ಬಳಿದು ಅಕ್ಷರಗಳು ಮುಚ್ಚಿಹೋಗಿರುತ್ತವೆ. ದಯವಿಟ್ಟು ಚಾಕುವಿನಿಂದ ಕೆರೆಯಬೇಡಿ, ಇಟ್ಟಿಗೆಯಿಂದ ಉಜ್ಜಬೇಡಿ. ಬೆಳಗ್ಗೆಯೋ ಸಂಜೆಯೋ ಬಿಸಿಲು ಓರೆಯಾಗಿ ಬೀಳುವಾಗ ನೀರು ಚಿಮುಕಿಸಿ ನೋಡಿದರೆ ಅಕ್ಷರದ ನೆರಳು ಕಾಣುತ್ತದೆ. ಇಸವಿ ಹೆಚ್ಚಾಗಿ ಹಿಜರಿಯಲ್ಲಿರುತ್ತದೆ. ಅದರಲ್ಲಿ ನೂರಕ್ಕೆ ಮೂರರಂತೆ ಕಳೆದು 622 ಸೇರಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ ಸಿಗುತ್ತದೆ. ಉದಾಹರಣೆಗೆ 1337ರಲ್ಲಿ 40 ಕಳೆದರೆ 1297, ಅದಕ್ಕೆ 622 ಸೇರಿಸಿದರೆ 1919. ನಿಜಾಮ ಸರಕಾರದ ಕಾಗದಗಳಾದರೆ ಫಸಲಿ ವರ್ಷ; ಅದಕ್ಕೆ 590 ಕೂಡಿಸಿದರೆ ಸಾಕು. ಇನ್ನು ಕೆಲವು ಕಲ್ಲುಗಳಲ್ಲಿ ಅಂಕಿಯೇ ಇರುವುದಿಲ್ಲ, ಒಂದು ಸಾಲು ಪದ್ಯ ಮಾತ್ರ ಇರುತ್ತದೆ. ಅಲಿಫ್‌ಗೆ 1, ಬೇಗೆ 2, ಜೀಮ್‌ಗೆ 3 ಎಂಬ ಅಬ್‌ಜದ್ ಲೆಕ್ಕದಲ್ಲಿ ಆ ಸಾಲಿನ ಅಕ್ಷರಗಳನ್ನು ಕೂಡಿಸಿದರೆ ತೀರಿಕೊಂಡ ವರ್ಷ ಬರುತ್ತದೆ. ನಮ್ಮ ಅಂಗಡಿಗಳ ಬೋರ್ಡಿನ ಮೇಲೆ ಬರೆಯುವ 786 ಕೂಡ ಇದೇ ಲೆಕ್ಕದ್ದು, ಬಿಸ್ಮಿಲ್ಲಾಹ್‌ನ ಅಕ್ಷರಗಳ ಮೊತ್ತ.

ಅಕ್ಷರವೇ ಇಲ್ಲದ ಕಲ್ಲಿನಲ್ಲೂ ಓದುವುದಕ್ಕೆ ಒಂದಿಷ್ಟಿದೆ. ದಖ್ಖನಿನ ಹಳೆಯ ಗೋರಿಗಳಲ್ಲಿ ಗಂಡಸಿನ ಕಲ್ಲಿನ ಮೇಲೆ ಉದ್ದಕ್ಕೆ ಒಂದು ಏಣು ಎದ್ದಿರುತ್ತದೆ, ಕಲಮ್ ಇಡುವ ಪೆಟ್ಟಿಗೆಯ ಹಾಗೆ. ಹೆಂಗಸಿನ ಕಲ್ಲಿನ ಮೇಲ್ಭಾಗ ಚಪ್ಪಟೆ, ಮಕ್ಕಳು ಬರೆಯುವ ಹಲಗೆಯ ಹಾಗೆ. ವಿಜಯಪುರದಲ್ಲಿ ಸಾಠ್ ಕಬರ್ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಅರವತ್ತಕ್ಕೂ ಹೆಚ್ಚು ಗೋರಿಗಳು, ಎಲ್ಲವೂ ಒಂದೇ ಅಳತೆ, ಎಲ್ಲವೂ ಚಪ್ಪಟೆ. 1659ರಲ್ಲಿ ಯುದ್ಧಕ್ಕೆ ಹೊರಟ ಅಫ್ಜಲ್ ಖಾನ್ ತನ್ನ ಪತ್ನಿಯರನ್ನು ಕೊಂದನೆಂದು ಜನ ಹೇಳುವ ಕತೆ ನಿಮಗೂ ಗೊತ್ತಿರಬಹುದು. ಕತೆ ನಿಜವೋ ಸುಳ್ಳೋ, ಅದರಲ್ಲಿ ಅಫ್ಜಲ್ ಖಾನನ ಹೆಸರೊಂದೇ ಇದೆ. ಗೋರಿಯಲ್ಲಿರುವವರ ಒಂದು ಹೆಸರೂ ಇಲ್ಲ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದಾಗ ನಾನೂ ಅದನ್ನು ಕಂಡು ಬಂದವಳೇ. ಆಗ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಲಿಂಗಸುಗೂರಿನಲ್ಲಿ ದಾದಿಯ ತಂದೆಯ ಕಬರ್ ಸಿಕ್ಕಿತು. ಏಣಿರುವ ಕಲ್ಲು, ಸ್ಪಷ್ಟ ಅಕ್ಷರ. ಪಕ್ಕದಲ್ಲಿ ಚಪ್ಪಟೆ ಕಲ್ಲು, ಅದರ ಮೇಲೆ "ಅಹ್ಲಿಯಾ" ಎಂದು ಬರೆದು ಮುಂದೆ ಗಂಡನ ಹೆಸರು. ಅಹ್ಲಿಯಾ ಎಂದರೆ ಮನೆಯಾಕೆ. ಅಂತೂ ಸಿಕ್ಕಿತಲ್ಲ ಎಂದು ಮನೆಗೆ ಬಂದು ಫೂಫಿಗೆ ಫೋಟೋ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ ತಲೆಯಾಡಿಸಿದರು. "ಇದು ಛೋಟಿ ಅಮ್ಮಾ. ನಿನ್ನ ದಾದಿಯನ್ನು ಸಾಕಿದವರು, ಹೆತ್ತವರಲ್ಲ."

ಆ ರಾತ್ರಿ ಫೂಫಿಯಿಂದ ತಿಳಿದದ್ದನ್ನು ನಮ್ಮ ಮನೆಯಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ, ಏಕೆಂದರೆ ಯಾರೂ ಅವರನ್ನು ಕೇಳಿರಲಿಲ್ಲ. ದಾದಿಯ ತಾಯಿ ಮುದಗಲ್ಲಿನ ಹೆಣ್ಣು. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿದ್ದರು. ಅದು 1918. ಊರೂರಿಗೆ ಜ್ವರ ಬಂದ ವರ್ಷ, ಇಂದು ನಾವು ಸ್ಪ್ಯಾನಿಷ್ ಫ್ಲೂ ಎಂದು ಓದುವ ಜ್ವರ. ಹಿಂದೂಸ್ತಾನದಲ್ಲಿ ಆಗ ಸತ್ತವರು ಒಂದು ಕೋಟಿಗೂ ಮೇಲೆ. ಬಸುರಿಯರನ್ನು, ಬಾಣಂತಿಯರನ್ನು ಅದು ಹೆಚ್ಚು ಕಾಡಿತು. ಮಗು ಹುಟ್ಟಿ ಎರಡು ವಾರಕ್ಕೆ ತಾಯಿ ಹೋದರು. ಕೂಸನ್ನು ಎತ್ತಿಕೊಂಡು ತಂದೆ ಛಾವಣಿಗೆ ಮರಳಿದರು, ಮರುವರ್ಷ ಮತ್ತೊಂದು ನಿಕಾಹ್ ಆಯಿತು. 2020-21ರಲ್ಲಿ ಸ್ವಂತದವರ ಮುಖ ನೋಡಲಾಗದೆ ದಫನ ಮಾಡಿದ ಮನೆಗಳು ನಮ್ಮ ನಡುವೆಯೂ ಇವೆ. ಅಂಥ ಅವಸರದಲ್ಲಿ ಕಲ್ಲು ಯಾರು ನೆಡಿಸಿಯಾರು?

ಸಹೋದರಿಯರೇ, ಅಜ್ಜಿಯನ್ನು ಅಜ್ಜನ ಪಕ್ಕದಲ್ಲೇ ಹುಡುಕಬೇಡಿ. ಆ ಕಾಲದಲ್ಲಿ ಎಷ್ಟೋ ಹೆಣ್ಣುಮಕ್ಕಳು ತೀರಿಕೊಂಡದ್ದು ಬಾಣಂತನದಲ್ಲಿ, ಮಣ್ಣಾದದ್ದು ತವರಿನಲ್ಲಿ.

"ಮುದಗಲ್ಲಿನಲ್ಲಿ ಎಲ್ಲಿ?" ಎಂದೆ. ಫೂಫಿ ಸ್ವಲ್ಪ ಹೊತ್ತು ಯೋಚಿಸಿದರು. "ನಿನ್ನ ದಾದಿ ಪ್ರತಿ ಮೊಹರ‍್ರಮ್‌ಗೆ ಮುದಗಲ್ಲಿಗೆ ಹೋಗುತ್ತಿದ್ದಳು. ಜನ ಆಲಂ ನೋಡಲು ಹೋದರೆ ಇವಳು ನನ್ನ ಕೈ ಹಿಡಿದುಕೊಂಡು ಕಬರಸ್ತಾನದ ಗೋಡೆಯ ಹತ್ತಿರ ಹೋಗುತ್ತಿದ್ದಳು. ಒಂದು ಬೇವಿನ ಮರವಿತ್ತು. ಅದರ ಬುಡಕ್ಕೆ ಬೆನ್ನು ಕೊಟ್ಟು ನಿಂತು, ನೇರಕ್ಕೆ ನೋಡುತ್ತಾ ಫಾತಿಹಾ ಓದುತ್ತಿದ್ದಳು. ಒಳಗೆ ಒಂದು ದಿನವೂ ಹೋಗಲಿಲ್ಲ." ದಾದಿ ನನ್ನೊಂದಿಗೆ ಹದಿನೈದು ವರ್ಷ ಒಂದೇ ಮನೆಯಲ್ಲಿದ್ದವರು. ಮೊಹರ‍್ರಮ್‌ಗೆ ಹೋಗಿ ಬಂದಾಗ ನಮಗೆ ಮುದಗಲ್ಲಿನ ಬಳೆ, ಬೆಂಡು-ಬತ್ತಾಸು ತರುತ್ತಿದ್ದರು. ಅವರು ಯಾಕೆ ಹೋಗುತ್ತಾರೆಂದು ನಾನು ಯಾವತ್ತೂ ಕೇಳಿರಲಿಲ್ಲ.

ಮರುದಿನ ಬೆಳಗ್ಗೆ ಮುದಗಲ್ಲು. ಬೇವಿನ ಮರ ಇತ್ತು! ಒಂದಲ್ಲ, ಗೋಡೆಗುಂಟ ಎರಡು. ಹಳೆಯದು ಯಾವುದೆಂದು ಬುಡ ನೋಡಿದರೆ ತಿಳಿಯುತ್ತಿತ್ತು. ಬೆನ್ನು ಕೊಟ್ಟು ನಿಂತೆ. ಗೋಡೆಯನ್ನು ಈಚೆಗೆ ಎತ್ತರಿಸಿದ್ದಾರೆ. ನನಗೆ ಸಿಮೆಂಟು ಬಿಟ್ಟು ಬೇರೇನೂ ಕಾಣಲಿಲ್ಲ.

ಒಳಗೆ ಜಾಲಿ ಕಡಿಯುತ್ತಿದ್ದ ಹಿರಿಯರೊಬ್ಬರು, ಗೋರಿ ಅಗೆಯುವವರು, ಪತಿಯಿಂದ ವಿಷಯ ತಿಳಿದು ಗೇಟಿನ ಬಳಿ ಬಂದರು. "ಓದೋಕೆ ಬರೋರು ಹೊರಗ ನಿಂತ್ರ ಹೆಂಗ್ರೀ ಅಮ್ಮಾ? ಯಾರೂ ಇಲ್ಲ ಈಗ, ಬರ್ರಿ ಒಳಗ" ಎಂದರು.

ಈ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆಯೆಂಬುದನ್ನು ನಾನು ಮುಚ್ಚಿಡುವುದಿಲ್ಲ. ಪ್ರವಾದಿ(ಸ)ರವರು ಕಬರ್ ಸಂದರ್ಶನವನ್ನು ಮೊದಲು ತಡೆದು ಆಮೇಲೆ ಅನುಮತಿಸಿದರು. ಆ ಅನುಮತಿ ಸ್ತ್ರೀಯರಿಗೂ ಸೇರಿದೆ ಎನ್ನುವ ವಿದ್ವಾಂಸರಿದ್ದಾರೆ. ಪದೇಪದೇ ಹೋಗುವ ಸ್ತ್ರೀಯರ ಕುರಿತಾದ ಕಠಿಣ ಮಾತನ್ನು ಮುಂದಿಟ್ಟು ಬೇಡವೆನ್ನುವವರೂ ಇದ್ದಾರೆ. ಹಝ್ರತ್ ಆಯಿಶಾ(ರ) ತಮ್ಮ ಸಹೋದರ ಅಬ್ದುರ‍್ರಹ್ಮಾನ್(ರ)ರ ಕಬರ್‌ಗೆ ಹೋದ ವರದಿ ತಿರ್ಮಿದಿಯಲ್ಲಿದೆ. ಅಳುವುದು, ಕೂಗುವುದು, ಹರಕೆ ಹೊರುವುದು ಇಲ್ಲದಿದ್ದರೆ ತಪ್ಪಿಲ್ಲ ಎಂಬ ಮಾತು ನನಗೆ ಸರಿಯೆನಿಸುತ್ತದೆ. ನಿಮ್ಮ ಊರಿನ ರೂಢಿ, ನಿಮ್ಮ ಮನಸ್ಸಾಕ್ಷಿ ನಿಮಗೆ. ನಾನು ಸಲಾಮ್ ಹೇಳಿ ಒಳಗೆ ಹೋದೆ. ಮಗಳು ನನ್ನ ದುಪಟ್ಟಾದ ತುದಿ ಹಿಡಿದುಕೊಂಡಿದ್ದಳು.

ಮರದ ನೇರಕ್ಕೆ ಇಪ್ಪತ್ತು ಹೆಜ್ಜೆ. ಅಲ್ಲಿ ಪಕ್ಕಪಕ್ಕದಲ್ಲಿ ಎರಡು ಚಪ್ಪಟೆ ಕಲ್ಲುಗಳು, ಅರ್ಧ ಹುಗಿದು ಹೋಗಿವೆ. ಒಂದರ ಮೇಲೆ ಏನೂ ಇಲ್ಲ. ಇನ್ನೊಂದರಲ್ಲಿ ನೀರು ಚಿಮುಕಿಸಿದಾಗ 13 ಕಂಡಿತು, ಮುಂದಿನ ಅಂಕಿ 3 ಇದ್ದೀತು, ಕೊನೆಯದು ಒಡೆದಿದೆ. 1337 ಹಿಜರಿ ಆರಂಭವಾದದ್ದು 1918ರ ಅಕ್ಟೋಬರಿನಲ್ಲಿ. ಆದರೆ 133 ಎಂದ ಮಾತ್ರಕ್ಕೆ 1337 ಆಗಲೇಬೇಕೆಂದಿಲ್ಲ. ಆ ಕಲ್ಲನ್ನು ಬೇಕಾದಂತೆ ಓದಿಕೊಳ್ಳಲು ನನಗೆ ಧೈರ್ಯವಾಗಲಿಲ್ಲ.

ಹೆಸರು ಸಿಕ್ಕಿದ್ದು ಬೇರೆ ಕಡೆ. ನಿಜಾಮರ ಸೀಮೆಯಲ್ಲಿ ನಿಕಾಹ್ ಬರೆಯುವ ಪುಸ್ತಕಕ್ಕೆ ಸಿಯಾಹಾ ಎನ್ನುತ್ತಾರೆ. ಅದನ್ನು ಖಾಝಿ ಮನೆತನಗಳು ಕಾಪಾಡಿಕೊಂಡು ಬರುತ್ತವೆ. ಹಳೆಯ ಸಿಯಾಹಾ ಇರುವ ಮನೆಯೊಂದರ ಹಿರಿಯರು ನಾವು ಕೇಳಿದಾಗ ಮೂರು ಪುಸ್ತಕ ತಂದು ಮುಂದಿಟ್ಟರು. ಗೆದ್ದಲು ತಿಂದದ್ದೆಷ್ಟೋ, ಉಳಿದದ್ದೆಷ್ಟೋ. ಫಸಲಿ 1326ರ ಪುಟದಲ್ಲಿ ದಾದಿಯ ತಂದೆಯ ಹೆಸರಿತ್ತು. ಅದರ ಎದುರಿಗೆ ವಧುವಿನ ಹೆಸರು, ಬಿಂತ್ ಎಂದು ಬರೆದು ಅವಳ ತಂದೆಯ ಹೆಸರು, ಮಹರ್ ಎಷ್ಟು ಹಾಲಿ ಸಿಕ್ಕಾ ರೂಪಾಯಿ ಎಂಬುದು, ಇಬ್ಬರು ಸಾಕ್ಷಿಗಳು. ಯೋಚಿಸಿ ನೋಡಿ. ಜಮೀನಿನ ಕಾಗದದಲ್ಲಿ ಆಕೆ ಇಲ್ಲ, ಶಾಲೆಯ ಪುಸ್ತಕದಲ್ಲಿ ಇಲ್ಲ, ಗೋರಿಯ ಕಲ್ಲಿನಲ್ಲಿ ಇಲ್ಲ. ನಿಕಾಹ್‌ಗೆ ಅವಳ ಒಪ್ಪಿಗೆ ಬೇಕು ಎಂದು ಶರೀಅತ್ ಹೇಳಿದ್ದರಿಂದ ಆ ಒಂದು ಸಾಲಿನಲ್ಲಿ ಆಕೆ ಉಳಿದುಕೊಂಡಳು.

ಮಗಳು ಪೆನ್ಸಿಲಿನ "ಗೊತ್ತಿಲ್ಲ"ವನ್ನು ಅಳಿಸಿ ಆ ಹೆಸರನ್ನು ಇಂಕಿನಲ್ಲಿ ಬರೆದಳು. ಫೂಫಿಗೆ ಹೇಳಿದಾಗ, "ಹಾಂ, ಅದೇ, ಅದೇ" ಎಂದು ಕಣ್ಣೊರೆಸಿಕೊಂಡರು. ನಂತರ ಗಂಭೀರವಾಗಿ ತಾಕೀತು ಮಾಡಿದರು: "ಪತ್ರಿಕೆಯಲ್ಲಿ ಬರೆಯುತ್ತೀಯಂತೆ, ಬರಿ. ಆದರೆ ನಮ್ಮ ಅಜ್ಜಿಯ ಹೆಸರು ನಾಲ್ಕು ಜನರ ಕೈಗೆ ಹೋಗಬಾರದು." ಇಷ್ಟೆಲ್ಲ ಹೇಳಿ ಹೆಸರು ಬರೆಯದಿರುವುದು ತಮಾಷೆಯಾಗಿ ಕಾಣಬಹುದು. ಏನು ಮಾಡಲಿ, ಹೇಳಿಕೊಟ್ಟವರ ಮಾತು ಮೀರಲಾರೆ.

ಉಳಿದದ್ದು ಕಲ್ಲಿನ ವಿಷಯ. ಗೋರಿಯನ್ನು ಗಾರೆ ಹಾಕಿ ಕಟ್ಟುವುದನ್ನು ಪ್ರವಾದಿ(ಸ)ರವರು ಇಷ್ಟಪಡಲಿಲ್ಲ. ಆದರೆ ಉಸ್ಮಾನ್ ಬಿನ್ ಮಝ್‌ಊನ್(ರ) ತೀರಿಕೊಂಡಾಗ ತಾವೇ ಒಂದು ಭಾರವಾದ ಕಲ್ಲನ್ನು ಎತ್ತಿ ತಂದು ತಲೆಯ ಕಡೆ ಇಟ್ಟರು, ಸಹೋದರನ ಕಬರ್ ಗುರುತು ಸಿಗಲಿ, ಮುಂದೆ ಮನೆಯವರನ್ನು ಹತ್ತಿರದಲ್ಲೇ ದಫನ ಮಾಡಬಹುದು ಎಂಬ ಕಾರಣಕ್ಕೆ. ಅಬೂದಾವೂದ್‌ನಲ್ಲಿ ಇದಿದೆ. ಅಂಥದೊಂದು ಬರೀ ಕಲ್ಲು ಇಡೋಣವೆಂದು ಪತಿ ಹೇಳಿದರು. ಎರಡು ಕಬರ್‌ಗಳಲ್ಲಿ ಯಾವುದಕ್ಕೆ? ನಮ್ಮದು ಎರೆಭೂಮಿ, ಬೇಸಿಗೆಗೆ ಬಿರಿದು ಮಳೆಗೆ ಕುಸಿಯುತ್ತದೆ. ಆ ಎರಡು ಕಲ್ಲುಗಳು ಇನ್ನೆಷ್ಟು ಮಳೆ ತಡೆದಾವೋ ಹೇಳಲಾಗದು. ದಾದಿ ನೋಡುತ್ತಿದ್ದ ದಿಕ್ಕನ್ನು ಕಣ್ಣಾರೆ ಕಂಡವರು ಈಗ ಉಳಿದಿರುವುದು ಫೂಫಿ ಒಬ್ಬರೇ.

ಅವರನ್ನು ಕರೆದುಕೊಂಡು ಬಿಸಿಲು ಏರುವ ಮೊದಲೇ ಮತ್ತೊಮ್ಮೆ ಮುದಗಲ್ಲಿಗೆ ಹೋಗುವುದೆಂದು ನಿಶ್ಚಯವಾಗಿದೆ. ಶಾಲೆ ತೆರೆದ ದಿನ ಕ್ಯಾಂಪಿನ ಅಜ್ಜಿ ಗೇಟಿನಲ್ಲೇ ನಿಂತು, "ಸಿಕ್ಕರೇನ್ರೀ?" ಎಂದು ಕೇಳಿದರು. "ಹೆಸರು ಸಿಕ್ಕಿತು, ಜಾಗ ಇನ್ನೂ ಸರಿಯಾಗಿ ಗೊತ್ತಾಗಬೇಕು" ಎಂದೆ. ಆ ಹೆಸರನ್ನು ಕೇಳಿ ತಾವೊಮ್ಮೆ ಹೇಳಿ ನೋಡಿದರು. ಅವರ ಬಾಯಲ್ಲಿ ಅದು ಬಂಗಾಳಿ ಹೆಸರಿನಂತೆಯೇ ಕೇಳಿಸಿತು. ಮೊನ್ನೆ ರಾತ್ರಿ ಫೂಫಿ ಫೋನ್ ಮಾಡಿದ್ದರು. ಆಟೋ ಬೇವಿನ ಮರದವರೆಗೂ ಹೋಗುತ್ತದೆಯೋ, ಅಥವಾ ರಸ್ತೆಯಲ್ಲೇ ಇಳಿಯಬೇಕೋ ಎಂದು ಕೇಳುತ್ತಿದ್ದರು.